ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ?

ಪ್ರಾಯೋಗಿಕ ಬೋಧನೆಯ ಎರಡನೇ ವಾರ 9ನೇ ತರಗತಿಗೆ ಸ್ಥಿತಿ ಬದಲಾವಣೆಯ ಪಾಠ ಮಾಡುತ್ತಿದ್ದೆ. ಬೀಕರಿನಲ್ಲಿ ನೀರು ಕುದಿಯುತ್ತಿತ್ತು. ‘ಈ ಗುಳ್ಳೆಗಳ ಒಳಗೆ ಏನಿದೆ?’ ಎಂದು ಕೇಳಿದೆ. ‘ಗಾಳಿ ಮಿಸ್’ ಎಂದರು ಬಹಳ ಮಕ್ಕಳು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಹೈಡ್ರೋಜನ್ ಮತ್ತು ಆಕ್ಸಿಜನ್ ಮಿಸ್, ನೀವೇ ಬರೆದಿದ್ದೀರಲ್ಲ’ ಎಂದ. ತಿರುಗಿ ನೋಡಿದರೆ ಕಪ್ಪುಹಲಗೆಯ ಮೇಲೆ ನನ್ನದೇ ಅಕ್ಷರ: ‘ಕಾಯಿಸಿದಾಗ ಬಂಧಗಳು ಮುರಿಯುತ್ತವೆ.’

ಯಾವ ಬಂಧ ಎಂದು ನಾನು ಬರೆದಿರಲಿಲ್ಲ. ಹಿಂದಿನ ಪಾಠದಲ್ಲಿ ಅವನು ಕಲಿತಿದ್ದ ಬಂಧ ಒಂದೇ, ಅಣುವಿನ ಒಳಗಿನದು. ಅವನ ತರ್ಕ ಸರಿಯಾಗಿತ್ತು, ನನ್ನ ವಾಕ್ಯ ಅರ್ಧವಾಗಿತ್ತು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಆ ವಾಕ್ಯದ ಕೆಳಗೆ ಗೆರೆ ಎಳೆದಿದ್ದರು.

ನೀರಿನ ಒಂದು ಅಣುವಿನಲ್ಲಿ ಆಕ್ಸಿಜನ್ ಪರಮಾಣು ಎರಡು ಹೈಡ್ರೋಜನ್ ಪರಮಾಣುಗಳನ್ನು ಸಹವೇಲೆನ್ಸೀಯ ಬಂಧದಿಂದ ಹಿಡಿದುಕೊಂಡಿರುತ್ತದೆ. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವುದು ಹೈಡ್ರೋಜನ್ ಬಂಧವೆಂಬ ಆಕರ್ಷಣೆ. ಇದು ಅಂತರಾಣ್ವಿಕ ಬಲ. ಕುದಿಯುವಾಗ ಅಣುಗಳು ಬಿಡಿಸಿಕೊಳ್ಳುವುದು ಈ ಎರಡನೆಯ ಹಿಡಿತದಿಂದ ಮಾತ್ರ. ಅಂಕಿಗಳನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 18 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೌಲ್ ಸಾಕು. ಅಷ್ಟೇ ನೀರಿನ ಅಣುಗಳನ್ನು ಪರಮಾಣುಗಳಾಗಿ ಒಡೆಯಲು ಸುಮಾರು 925 ಕಿಲೋಜೌಲ್ ಬೇಕು, ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಗುಳ್ಳೆಯೊಳಗೆ ಇರುವುದು ನೀರಿನ ಅಣುಗಳೇ, ದೂರ ದೂರ ಸರಿದ ಅಣುಗಳು. ಹಾಗೆ ಸರಿದಾಗ ಅದೇ ನೀರು ಸುಮಾರು 1600 ಪಟ್ಟು ಜಾಗ ತೆಗೆದುಕೊಳ್ಳುತ್ತದೆ.

ಅಂತರಾಣ್ವಿಕ ಬಲದ ಮಹತ್ವ ತಿಳಿಸಲು ಹೈಡ್ರೋಜನ್ ಸಲ್ಫೈಡ್ ಒಳ್ಳೆಯ ಉದಾಹರಣೆ. ಅದರ ಅಣು ನೀರಿನ ಅಣುವಿಗಿಂತ ಭಾರ. ಆದರೂ ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ, ಏಕೆಂದರೆ ಅದರ ಅಣುಗಳ ನಡುವಿನ ಆಕರ್ಷಣೆ ದುರ್ಬಲ.

‘ಗಾಳಿ’ ಎಂದ ಮಕ್ಕಳ ಉತ್ತರವನ್ನೂ ತಳ್ಳಿಹಾಕುವಂತಿಲ್ಲ. ನೀರು ಬಿಸಿಯಾಗುವಾಗ ಮೊದಲು ಪಾತ್ರೆಯ ಗೋಡೆಗೆ ಅಂಟಿ ಕಾಣುವ ಸಣ್ಣ ಗುಳ್ಳೆಗಳು ಕರಗಿದ್ದ ಗಾಳಿಯವೇ. ತಳದಿಂದ ದೊಡ್ಡದಾಗಿ ಎದ್ದು ಬರುವವು ಆವಿಯವು.

ಮರುದಿನ ಸೂಜಿಯಿಲ್ಲದ ಸಿರಿಂಜ್ ಒಯ್ದೆ. ಚೆನ್ನಾಗಿ ಕುದಿಸಿ, ಸುಮಾರು 70 ಡಿಗ್ರಿಗೆ ಆರಿಸಿದ ನೀರನ್ನು ಸ್ವಲ್ಪ ಎಳೆದುಕೊಂಡು, ಒಳಗಿನ ಗಾಳಿ ಹೊರಹಾಕಿ, ತುದಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೊಳವೆಯ ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆದಾಗ ನೀರು ಕುದಿಯಿತು. ಬಿಟ್ಟಾಗ ಗುಳ್ಳೆಗಳು ಬಹುತೇಕ ಮಾಯವಾದವು. ಒತ್ತಡ ಇಳಿದರೆ ಕಡಿಮೆ ತಾಪದಲ್ಲೇ ನೀರು ಕುದಿಯುತ್ತದೆ, ಒತ್ತಡ ಮರಳಿದರೆ ಆವಿ ಮತ್ತೆ ನೀರಾಗುತ್ತದೆ. ‘ಒಳಗೆ ಗಾಳಿಯೇ ತುಂಬಿದ್ದರೆ ಹೀಗೆ ತಟ್ಟನೆ ಮಾಯವಾಗುತ್ತಿತ್ತೇ?’ ಎಂದು ಕೇಳಿದೆ. ಬಿಸಿನೀರು ಇರುವುದರಿಂದ ಈ ಚಟುವಟಿಕೆಯನ್ನು ಮಕ್ಕಳ ಕೈಗೆ ಕೊಡದೆ ಶಿಕ್ಷಕರೇ ಮಾಡಿ ತೋರಿಸಬೇಕು.

ಹಿಂದಿನ ಬೆಂಚಿನ ಹುಡುಗ ಮತ್ತೆ ಎದ್ದ: ‘ಹೈಡ್ರೋಜನ್ ಆಗಿದ್ದರೆ ಮನೆಯಲ್ಲಿ ಅನ್ನ ಮಾಡುವಾಗ ಒಲೆಯ ಬೆಂಕಿ ತಾಗಿ ಹೊತ್ತಿಕೊಳ್ಳಬೇಕಿತ್ತು ಅಲ್ವಾ ಮಿಸ್?’ ನನ್ನ ಪಾಠ ಯೋಜನೆಯಲ್ಲಿ ಇಲ್ಲದ ಈ ಸಾಕ್ಷ್ಯವನ್ನು ಈಗ ಸೇರಿಸಿಕೊಂಡಿದ್ದೇನೆ. ಹಲಗೆಯ ವಾಕ್ಯವನ್ನೂ ತಿದ್ದಿದ್ದೇನೆ: ‘ನೀರು ಕುದಿಯುವಾಗ ಅಣುಗಳ ನಡುವಿನ ಆಕರ್ಷಣೆಯನ್ನು ಅಣುಗಳು ಮೀರುತ್ತವೆ, ಅಣುಗಳು ಒಡೆಯುವುದಿಲ್ಲ.’ ಈ ಪಾಠ ಮಾಡಲಿರುವ ಸಹಪಾಠಿಗಳು ‘ಬಂಧ’ ಎಂದು ಬರೆಯುವಾಗಲೆಲ್ಲ ಅದು ಅಣುವಿನ ಒಳಗಿನದೋ ಅಣುಗಳ ನಡುವಿನದೋ ಎಂಬುದನ್ನು ಪಕ್ಕದಲ್ಲೇ ಬರೆಯಲಿ.