ಬಿಗಿಯಾದ ಹೊಸ ಮನೆಗೆ ಎಂಥ ಸೌದೆ ಒಲೆ?

ಯುರೋಪಿನ ಚಳಿ ದೇಶಗಳಲ್ಲಿ ಹೊಸ ಮನೆ ಮಾಡುವವರಿಗೆ, ಅಲ್ಲಿ ನೆಲೆಸಿರುವ ನಮ್ಮವರಿಗೂ, ಹಾಲ್‌ನಲ್ಲೊಂದು ಸೌದೆ ಒಲೆ ಇರಲಿ ಎಂಬ ಆಸೆ ಸಹಜ. ಆದರೆ ಇಂದಿನ ಮನೆಗಳು ಹಿಂದಿನಂತಲ್ಲ. ಗೋಡೆ, ಚಾವಣಿಗಳಿಗೆ ಶಾಖ ತಡೆಯುವ ದಪ್ಪ ಪದರವಿದೆ. ಕಿಟಕಿ, ಬಾಗಿಲುಗಳಲ್ಲಿ ಗಾಳಿ ನುಸುಳುವುದಿಲ್ಲ. ಇಂಥ ಮನೆಯಲ್ಲಿ ಒಲೆಯ ಆಯ್ಕೆ ಅಂದಚಂದದ ವಿಷಯವಲ್ಲ, ಆರೋಗ್ಯದ ವಿಷಯ.

ದೊಡ್ಡ ಒಲೆ ಬೇಡ

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ‘ಪ್ಯಾಸಿವ್ ಹೌಸ್’ ಸಿದ್ಧವಾಯಿತು. ಈ ಮಾದರಿಯ ಮನೆಗೆ ಕಡು ಚಳಿಯಲ್ಲೂ ಚದರ ಮೀಟರಿಗೆ ಸುಮಾರು 10 ವ್ಯಾಟ್ ಶಾಖ ಸಾಕು. ಅಂದರೆ 120 ಚದರ ಮೀಟರ್ ಮನೆಗೆ 1.2 ಕಿಲೋವ್ಯಾಟ್. ಮಾರುಕಟ್ಟೆಯ ಸಾಮಾನ್ಯ ಒಲೆ 5ರಿಂದ 8 ಕಿಲೋವ್ಯಾಟಿನದು. ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಕೋಣೆಯಲ್ಲಿ ಸೆಕೆ ತಡೆಯಲಾಗುವುದಿಲ್ಲ. ಗಾಳಿಯ ಕಿಂಡಿ ಮುಚ್ಚಿ ಬೆಂಕಿ ಕುಗ್ಗಿಸಿದರೆ ಸೌದೆ ಸರಿಯಾಗಿ ಉರಿಯದೆ ಹೊಗೆ ಹೆಚ್ಚುತ್ತದೆ. ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಆದ್ದರಿಂದ ಸಿಗುವುದರಲ್ಲಿ ಚಿಕ್ಕದನ್ನು ಆರಿಸಿ. ಇಲ್ಲವೇ ಶಾಖವನ್ನು ಹಿಡಿದಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಬಿಡುವ ಭಾರದ ಕಲ್ಲಿನ ಒಲೆ ಒಳ್ಳೆಯದು.

ಉರಿಯಲು ಗಾಳಿ ಎಲ್ಲಿಂದ?

ಬೆಂಕಿಗೆ ಗಾಳಿ ಬೇಕೇ ಬೇಕು. ಬಿಗಿಯಾದ ಮನೆಯಲ್ಲಿ ಅಡುಗೆಮನೆಯ ಹೊಗೆ ಫ್ಯಾನ್ ಗಾಳಿಯನ್ನು ಹೊರಗೆಳೆದರೆ ಚಿಮಣಿಯ ಹೊಗೆ ಒಳಗೆ ತಿರುಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತವೆ; ನಿದ್ದೆಯಲ್ಲಿದ್ದವರು ಏಳದೇ ಹೋಗಬಹುದು. ಹಾಗಾಗಿ ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚುವ, ಕೊಳವೆಯ ಮೂಲಕ ಹೊರಗಿನಿಂದಲೇ ಗಾಳಿ ಪಡೆಯುವ ಒಲೆಯನ್ನೇ ಕೊಳ್ಳಿ. ತಿಳಿದ ತಂತ್ರಜ್ಞರಿಂದಲೇ ಕೂಡಿಸಿ. ಈ ಅನಿಲ ಪತ್ತೆಹಚ್ಚುವ ಅಲಾರಂ ಇರಲಿ. ಇಂಗ್ಲೆಂಡಿನಲ್ಲಿ ಹೊಸ ಸೌದೆ ಒಲೆ ಕೂಡಿಸುವಾಗ ಅದು ಕಡ್ಡಾಯ.

ಒಣ ಸೌದೆಯೇ ಇರಲಿ

ಸೌದೆಯಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಬಣ್ಣ, ವಾರ್ನಿಷ್ ಬಳಿದ ಮರ ಸುಡಬೇಡಿ. ವರ್ಷಕ್ಕೊಮ್ಮೆಯಾದರೂ ಚಿಮಣಿ ಶುಚಿ ಮಾಡಿಸಿ. ಯುರೋಪಿಯನ್ ಒಕ್ಕೂಟದಲ್ಲಿ 2022ರಿಂದ ಹೊಸ ಒಲೆಗಳ ಹೊಗೆಗೆ ಮಿತಿಯಿದೆ. ಆದರೂ ಹೊಗೆಯೇ ಇಲ್ಲದ ಸೌದೆ ಒಲೆಯಿಲ್ಲ. ಮನೆಯಲ್ಲಿ ಆಸ್ತಮಾ ಇರುವವರು, ಗರ್ಭಿಣಿ, ಎಳೆಮಕ್ಕಳಿದ್ದರೆ ಒಲೆಯ ಆಸೆ ಬಿಡುವುದೇ ಲೇಸು. ಇಂಥ ಮನೆಯನ್ನು ಬೆಚ್ಚಗಿಡಲು ಸಣ್ಣದೊಂದು ಹೀಟ್ ಪಂಪ್ ಸಾಕು.

ಊರಲ್ಲಿರುವವರಿಗೂ ಇದರಲ್ಲಿ ಪಾಠವಿದೆ. ಬಾಣಂತಿ, ಮಗುವಿಗೆ ಶಾಖವಾಗಲೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವ ರೂಢಿ ಇನ್ನೂ ಕೆಲವೆಡೆ ಇದೆ. ಆ ಕೆಂಡದಿಂದ ಬರುವುದೂ ಇದೇ ವಿಷಾನಿಲ. ಕಂಬಳಿ ಹೊದಿಸಿ, ಕೆಂಡವನ್ನು ಹೊರಗಿಡಿ.