ಮರಳಿ ಬಂದ ಪೆಟ್ಟಿಗೆ

ಸೆರಗನ್ನು ಬಿಡಿಸಿ, ನೂಲನ್ನು ಬೆರಳಿನಿಂದ ಮುಟ್ಟಿ ನೋಡಿ ಸೀರೆ ಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಆನ್‌ಲೈನ್ ಸಂತೆಯಲ್ಲಾದರೋ ಕಣ್ಣಿಗೆ ಬೀಳುವುದು ಚಿತ್ರ ಮಾತ್ರ. ವಸ್ತುವಿನ ದರ್ಶನ ಪೆಟ್ಟಿಗೆ ಮನೆಗೆ ಬಂದ ಮೇಲೆ. ಕಲಹದ ಮೂಲ ಇಲ್ಲಿಯೇ ಇದೆ. ರೇಷ್ಮೆಯೆಂದು ನಂಬಿ ತರಿಸಿದವಳಿಗೆ ಪಾಲಿಯೆಸ್ಟರ್ ಬಂದರೆ ಅದು ವಂಚನೆ. ಮದುವೆಯಲ್ಲಿ ಉಟ್ಟು, ಮರುದಿನ ಮಡಿಸಿ ಹಿಂತಿರುಗಿಸಿದರೆ ಅದೂ ವಂಚನೆಯೇ.

ಭಾರತದಲ್ಲಿ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವುಳ್ಳ, ನಕಲಿಯಾದ ಅಥವಾ ವರ್ಣನೆಗೆ ಹೊಂದದ ವಸ್ತುವನ್ನು ಹಿಂದಕ್ಕೆ ಪಡೆಯಲು ವರ್ತಕನು ನಿರಾಕರಿಸುವಂತಿಲ್ಲ. ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ 2 ವರ್ಷಗಳೊಳಗೆ ಮೊರೆಯಿಡಬಹುದು. 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕೇವಲ ಮನಸ್ಸು ಬದಲಾದವರಿಗೆ ಈ ನಿಯಮದ ಆಸರೆಯಿಲ್ಲ. ಅವರು ವರ್ತಕನು ಮೊದಲೇ ಸಾರಿದ ಷರತ್ತುಗಳಿಗೆ ಬದ್ಧರು.

ಆಯೋಗವು ಕೇಳುವುದು ಸಾಕ್ಷ್ಯವನ್ನು. ಪೆಟ್ಟಿಗೆಯನ್ನು ಬಿಚ್ಚುವಾಗ ತೆಗೆದ ವಿಡಿಯೊ, ರಸೀದಿ, ನಡೆಸಿದ ಪತ್ರವ್ಯವಹಾರ, ಇವೆಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು. ವರ್ತಕನಿಗೂ ಇದೇ ಮಾತು ಸಲ್ಲುತ್ತದೆ. ಒಬ್ಬರ ಮುಖವನ್ನೊಬ್ಬರು ಕಾಣದ ಈ ಸಂತೆಯಲ್ಲಿ ಪ್ರಾಮಾಣಿಕರನ್ನು ಕಾಯುವ ಸಾಕ್ಷಿಗಳು ಅವೇ.