ಪೇಟೆ ಬೀದಿಯ ರಾತ್ರಿಪಾಳಿ

ರಾತ್ರಿ ಒಂಬತ್ತೂವರೆ ಆಗುತ್ತಿದ್ದಂತೆ ಬೆಂಗಳೂರಿನ ಚಿಕ್ಕಪೇಟೆಯ ಷಟರುಗಳು ಒಂದರ ಹಿಂದೊಂದು ಗಡಗಡ ಇಳಿಯುತ್ತವೆ. ಹಗಲೆಲ್ಲ ಸೀರೆ ಬಿಚ್ಚಿ ಮಡಿಚಿ ಸೋತ ಹುಡುಗರು ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಹೊಸ್ತಿಲಿಗೆ ಕರ್ಪೂರ ಹಚ್ಚಿ, ಮೆಟ್ರೊ ಕಡೆ ಓಡುತ್ತಾರೆ. ನಾವು ಮಾತ್ರ ಅವರ ಹಿಂದೆ ಹೋಗುವುದು ಬೇಡ. ಅವೆನ್ಯೂ ರಸ್ತೆ ದಾಟಿ ತರಗುಪೇಟೆಯ ಕಡೆ ಬನ್ನಿ. ಚರಂಡಿಯ ಕಮಟು, ಹೊಸ ಗೋಣಿಯ ವಾಸನೆ, ಅದರ ಮೇಲೆ ಒಣಮೆಣಸಿನಕಾಯಿಯ ಘಾಟು. ಸೀನು ಬಂದರೆ ಸೀನಿಬಿಡಿ, ಇಲ್ಲಿ ಯಾರೂ ಶಕುನ ನೋಡುವುದಿಲ್ಲ.

ಹತ್ತು ದಾಟಿತೆಂದರೆ ಹಮಾಲಿಗಳ ಹೊತ್ತು. ಹಗಲಿನಲ್ಲಿ ಭಾರಿ ಲಾರಿಗಳಿಗೆ ನಿರ್ಬಂಧವಿರುವುದರಿಂದ ಪೇಟೆಯ ಸರಕೆಲ್ಲ ಬರುವುದೇ ಈಗ. ಟಾರ್ಪಾಲಿನ ಹಗ್ಗ ಸಡಿಲಿಸಿಕೊಂಡೇ ಬಂದ ಲಾರಿಯೊಂದು ಗಲ್ಲಿಯ ಬಾಯಲ್ಲಿ ಮೂಗು ತೂರಿಸಿ, ಹಿಂದೆ ಸರಿದು, ಮತ್ತೆ ತೂರಿಸಿ, ಕೊನೆಗೆ ಉಸ್ಸೆಂದು ನಿಂತುಬಿಡುತ್ತದೆ. ಗೋದಾಮಿನ ಬಾಗಿಲು ಕಣ್ಣೆದುರಿಗೇ ಇದೆ. ನಡುವೆ ಮಾತ್ರ ಮದುವೆ ಮನೆಯ ಹಜಾರದಲ್ಲಿ ಹೊದ್ದು ಮಲಗಿದ ನೆಂಟರ ಹಾಗೆ, ಕವರು ಹೊದ್ದ ಕಾರುಗಳು ಸಾಲಾಗಿ ಬಿದ್ದುಕೊಂಡಿವೆ. ಬೈಕಾದರೆ ಇಬ್ಬರು ಹಿಡಿದು ಎತ್ತಿಟ್ಟಾರು, ಕಾರನ್ನು ಏನು ಮಾಡುವುದು? ಹೆಗಲಿಗೆ ಟವೆಲ್ಲು ಹಾಕಿದ ಹಿರಿಯ ಹಮಾಲಿ ಒಮ್ಮೆ ಲಾರಿಯನ್ನೂ ಒಮ್ಮೆ ಗೋದಾಮನ್ನೂ ನೋಡಿ, ಕೊಕ್ಕೆಯಿಂದ ಮೂಟೆ ಎಳೆದು ಬೆನ್ನಿಗೇರಿಸಿಕೊಂಡು ನಡೆದೇಬಿಡುತ್ತಾನೆ. ಐದಾರು ಹೆಜ್ಜೆಯ ಕೆಲಸ ಈಗ ಐವತ್ತು ಹೆಜ್ಜೆ. ಕೂಲಿ ಮಾತ್ರ ಮೂಟೆಯ ಲೆಕ್ಕ, ಹೆಜ್ಜೆಯ ಲೆಕ್ಕವಲ್ಲ.

ರಸ್ತೆಯಲ್ಲಿ ರಾತ್ರಿಯಿಡೀ ಗಾಡಿ ನಿಲ್ಲಿಸುವುದನ್ನು ತಡೆಯುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಬೆನ್ನು. ‘ರಾತ್ರಿ ರಸ್ತೆ ಖಾಲಿಯೇ ತಾನೆ’ ಎನ್ನುವವರು ಪೇಟೆಯ ರಾತ್ರಿಯನ್ನು ನೋಡಿದವರಲ್ಲ. ಸಾರ್ವಜನಿಕ ಜಾಗದಲ್ಲಿ 10 ತಾಸಿಗೆ ಮೇಲ್ಪಟ್ಟು ಬಿಟ್ಟುಹೋದ ಗಾಡಿಯನ್ನು ಎಳೆಸಿಹಾಕುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪೊಲೀಸರಿಗೆ ಕೊಟ್ಟಿದೆ. ಹತ್ತಕ್ಕೆ ಬಿಟ್ಟ ಕಾರಿಗೆ ಆ ಹತ್ತು ತಾಸು ತುಂಬುವುದು ಬೆಳಿಗ್ಗೆ ಎಂಟಕ್ಕೆ. ಅಷ್ಟರಲ್ಲಿ ನಮ್ಮ ಲಾರಿ ಖಾಲಿಯಾಗಿ ತುಮಕೂರು ದಾಟಿರುತ್ತದೆ! ನಿಲುಗಡೆ ನಿಷೇಧದ ಫಲಕವಿದ್ದರೆ ಅಷ್ಟು ಕಾಯಬೇಕಿಲ್ಲ, ನಿಜ. ಆದರೆ 2022ರ ಫೆಬ್ರುವರಿಯಲ್ಲಿ ಜನರ ಸಿಟ್ಟಿಗೆ ಟೋಯಿಂಗೇ ನಿಂತಿತ್ತು.

ಅಗೋ, ಆ ಗೂಡ್ಸ್ ಆಟೊ ನೋಡಿ. ಸೀಟಿನಾಚೆ ಎರಡು ಪಾದಗಳು ಚಾಚಿಕೊಂಡಿವೆ. ‘ಅಣ್ಣ, ಸ್ವಲ್ಪ ಮುಂದಕ್ಕೆ ಹಾಕಣ್ಣ’ ಎಂದರೆ ಸಾಕು, ಕಣ್ಣುಜ್ಜಿಕೊಂಡು ಎದ್ದು ಗಾಡಿ ಸರಿಸುತ್ತಾನೆ, ಮತ್ತೆ ಮಲಗುತ್ತಾನೆ. ಮೂರೂವರೆಗೆ ಕೆ.ಆರ್. ಮಾರುಕಟ್ಟೆಗೆ ಹೂವಿನ ಲೋಡು ಬಂದಾಗ ಮೊದಲ ಬಾಡಿಗೆ ಹಿಡಿಯಬೇಕಾದವನು ಅವನು. ಅಂಗಡಿಗಳ ಮೇಲಿನ ಹಳೆಯ ಮನೆಗಳಲ್ಲಿ ಇನ್ನೂ ಸಂಸಾರಗಳಿವೆ. ಅವರ ಸ್ಕೂಟರಿಗೂ ಬೇರೆ ಜಾಗವಿಲ್ಲ. ನಿಷೇಧದ ಕೋಲು ಬೀಸುವಾಗ ಇವರ ತಲೆಯನ್ನು ತಪ್ಪಿಸಿ ಬೀಸಬೇಕು.

ಸರ್ಕಾರ 2021ರಲ್ಲಿ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ, ವಸತಿ ಬೀದಿಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ 1,000ದಿಂದ 5,000 ರೂಪಾಯಿಯವರೆಗೆ ಪರವಾನಗಿ ಶುಲ್ಕದ ಮಾತಿತ್ತು. ಪೇಟೆಯಂಥ ಕಡೆ ಮನೆ ಮತ್ತು ಮಳಿಗೆಯ ಗೆರೆ ಎಳೆಯುವವರು ಯಾರೋ! ಜಪಾನಿನಲ್ಲಿ 1962ರ ಕಾಯ್ದೆ ರಾತ್ರಿಗೇ ಬೇರೆ ಗಡಿಯಾರ ಇಟ್ಟಿದೆ: ಹೊತ್ತು ಮುಳುಗಿ ಮೂಡುವುದರೊಳಗೆ ಒಂದೇ ಕಡೆ 8 ತಾಸು ನಿಂತರೆ ತಪ್ಪು. ನಮ್ಮ ಪೇಟೆಗೆ ಅಷ್ಟೂ ಬೇಕಿಲ್ಲ. ಹತ್ತರಿಂದ ಐದರವರೆಗೆ, ಗೋದಾಮಿನ ಸಾಲಿನಲ್ಲಿ, ಚಾಲಕನಿಲ್ಲದ ಕಾರು ನಿಲ್ಲುವಂತಿಲ್ಲ ಎಂದರೆ ಸಾಕು. ಒಳಗೆ ಆಳು ಮಲಗಿದ್ದರೆ ಎಬ್ಬಿಸಿ ಸರಿಸಬಹುದು.